ನೆಲದ ಮೇಲೆ ಸೋತು ಕಲಿಯುವ ವಿದ್ಯೆ

೧೯೬೯ನೆಯ ಇಸವಿ ಜುಲೈ ತಿಂಗಳ ಆರಂಭ. ಅಮೆರಿಕೆಯ ಹ್ಯೂಸ್ಟನ್ ನಗರದ ನಿಯಂತ್ರಣ ಕೇಂದ್ರದಲ್ಲಿ ಚಂದ್ರನ ಮೇಲೆ ಇಳಿಯುವ ನಾಟಕವೊಂದು ನಡೆದಿತ್ತು. ನೌಕೆ ನಿಜವಾದುದಲ್ಲ, ಚಂದ್ರನೂ ನಿಜವಾದವನಲ್ಲ. ಆದರೆ ಸಾಲುಸಾಲು ಮೇಜುಗಳ ಮುಂದೆ ಕುಳಿತಿದ್ದ ತರುಣ ಇಂಜಿನಿಯರುಗಳ ಎದುರಿನ ಅಂಕಿಗಳೂ ದೀಪಗಳೂ ನಿಜವಾದ ಯಾನದಲ್ಲಿ ಹೇಗೆ ತೋರುವುವೋ ಹಾಗೆಯೇ ತೋರುತ್ತಿದ್ದುವು. ಈ ನಾಟಕದ ಸೂತ್ರಧಾರರು ರಿಚರ್ಡ್ ಕೂಸ್ ಎಂಬ ಅಧಿಕಾರಿ. ಬಗೆಬಗೆಯ ತೊಡಕುಗಳನ್ನು ಹೆಣೆದು, ಮುನ್ಸೂಚನೆ ಕೊಡದೆ ಆ ತರುಣರ ಮುಂದೆ ಒಡ್ಡುವುದೇ ಅವರ ಉದ್ಯೋಗ. ಅಂದು ಅವರು ನೌಕೆಯ ಗಣಕಯಂತ್ರದಿಂದ ೧೨೦೧ ಎಂಬ ಅಂಕಿಯ ಎಚ್ಚರಿಕೆಯೊಂದು ಹೊರಡುವಂತೆ ಮಾಡಿದರು.

ಆ ಅಂಕಿಯ ಅರ್ಥ ಅಲ್ಲಿದ್ದವರಿಗೆ ಥಟ್ಟನೆ ಹೊಳೆಯಲಿಲ್ಲ. ಮಾರ್ಗದರ್ಶನದ ಹೊಣೆ ಹೊತ್ತಿದ್ದ ಸ್ಟೀವ್ ಬೇಲ್ಸರಿಗೆ ಆಗ ೨೬ ವರ್ಷ. ಇಳಿಯುವುದನ್ನು ನಿಲ್ಲಿಸಿ ಹಿಂದಿರುಗಬೇಕೆಂದು ಅವರು ಕೂಗಿ ಹೇಳಿದರು, ಹಾಗೆಯೇ ಆಯಿತು. ನಾಟಕ ಮುಗಿದ ಮೇಲೆ ಸೂತ್ರಧಾರರು ತೀರ್ಪು ಕೊಟ್ಟರು: ಆ ನಿರ್ಧಾರ ತಪ್ಪು. ಗಣಕಯಂತ್ರ ತನ್ನ ಮೇಲೆ ಮಿತಿಮೀರಿದ ಕೆಲಸ ಬಿದ್ದಿದೆಯೆಂದು ದೂರುತ್ತಿತ್ತೇ ಹೊರತು ಮುಖ್ಯವಾದ ಕೆಲಸವನ್ನೇನೂ ಕೈಬಿಟ್ಟಿರಲಿಲ್ಲ. ನೌಕೆ ನಿರಾತಂಕವಾಗಿ ಇಳಿಯಬಹುದಾಗಿತ್ತು. ಎಲ್ಲರೆದುರಿಗೆ ತಪ್ಪು ತೋರಿಸಿಕೊಂಡ ಬೇಲ್ಸ್ ಸುಮ್ಮನೆ ಕೂರಲಿಲ್ಲ. ಗಣಕಯಂತ್ರ ಕೊಡಬಹುದಾದ ಎಲ್ಲ ಎಚ್ಚರಿಕೆಗಳನ್ನೂ, ಅವುಗಳಲ್ಲಿ ಯಾವುದಕ್ಕೆ ಏನು ಮಾಡಬೇಕೆಂಬುದನ್ನೂ ಪಟ್ಟಿ ಮಾಡಿಸಿದರು. ೨೪ ವರ್ಷದ ಜ್ಯಾಕ್ ಗಾರ್ಮನ್ ಎಂಬ ಸಹೋದ್ಯೋಗಿ ಅದನ್ನು ಕೈಯಲ್ಲಿ ಬರೆದು ತಮ್ಮ ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟುಕೊಂಡರು.

ಜುಲೈ ೨೦ರಂದು ನಿಜವಾದ ನೌಕೆ ನಿಜವಾದ ಚಂದ್ರನತ್ತ ಇಳಿಯುತ್ತಿತ್ತು. ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಒಳಗಿದ್ದರು. ನೆಲ ಇನ್ನೂ ಸುಮಾರು ೧೦ ಕಿಲೋಮೀಟರು ಕೆಳಗಿರುವಾಗ ಎಚ್ಚರಿಕೆ ಮೊಳಗಿತು. ಈ ಸಲ ಅಂಕಿ ೧೨೦೨. ಅದರ ಅರ್ಥವೇನೆಂದು ಆರ್ಮ್‌ಸ್ಟ್ರಾಂಗ್ ಭೂಮಿಯನ್ನು ಕೇಳಿದರು. ಗಾರ್ಮನ್ ತಮ್ಮ ಹಾಳೆಯ ಮೇಲೆ ಕಣ್ಣಾಡಿಸಿ ಹೇಳಿದರು. ಬೇಲ್ಸ್ ಮುಂದುವರಿಯಲು ಒಪ್ಪಿಗೆ ಕೊಟ್ಟರು. ಇಷ್ಟೆಲ್ಲ ನಡೆದುದು ಕೆಲವೇ ಕ್ಷಣಗಳಲ್ಲಿ. ಸ್ವಲ್ಪ ಹೊತ್ತಿನ ಮೇಲೆ ೧೨೦೧ ಕೂಡ ಬಂದಿತು. ಆಗಲೂ ಯಾರೂ ಕಂಗೆಡಲಿಲ್ಲ. ಮುಂದಿನದು ಇಡೀ ಲೋಕಕ್ಕೆ ತಿಳಿದಿದೆ. ಕೆಲವೇ ದಿನಗಳ ಹಿಂದೆ ನೆಲದ ಮೇಲೆ ಆ ಸೋಲು ಸಂಭವಿಸದೆ ಇದ್ದಿದ್ದರೆ ಅಂದಿನ ಗೆಲುವು ಕೈಗೆ ಹತ್ತುತ್ತಿತ್ತೋ ಇಲ್ಲವೋ!

ಗಗನಯಾತ್ರಿಗಳ ತರಬೇತಿ ಎಂದೊಡನೆ ಜನಸಾಮಾನ್ಯರ ಕಣ್ಣ ಮುಂದೆ ನಿಲ್ಲುವುದು ಉಕ್ಕಿನಂಥ ಮೈಕಟ್ಟು, ಎದೆಗಾರಿಕೆ, ಸಾಹಸ. ಇವೆಲ್ಲ ಬೇಕಾದುವೇ. ಆದರೆ ಆ ತರಬೇತಿಯ ತಿರುಳು ಬೇರೆಯೇ ಇದೆ. ಮೇಲೆ ಆಗಬಾರದ ತಪ್ಪನ್ನು ಕೆಳಗೆ ಮಾಡಿ ಮುಗಿಸುವುದು, ಒಬ್ಬನಿಗೆ ಒದಗಿದ ಸಂಕಟವನ್ನು ಮುಂದಿನವನಿಗೆ ಪಾಠವಾಗಿ ಮಾಡುವುದು—ಇದೇ ಆ ವಿದ್ಯೆಯ ಗುಟ್ಟು. ಅಲ್ಲಿನ ಪಠ್ಯಕ್ರಮದಲ್ಲಿ ಎಷ್ಟೋ ಪಾಠಗಳ ಹಿಂದೆ ಯಾರೋ ಒಬ್ಬರು ಪಟ್ಟ ಪಾಡು ಅಡಗಿದೆ.

ಬಾವಿಗೆ ಬಿದ್ದ ಕೊಡ

ನೀರಿಗಿಳಿಯದೆ ಈಜು ಬಾರದು ಎಂಬುದು ಗಾದೆ. ಗಗನಯಾತ್ರಿಯ ಕಷ್ಟವೂ ಅದೇ. ಅವನು ಈಜಬೇಕಾದ ಕಡಲು ತಲೆಯ ಮೇಲೆ ನೂರಾರು ಕಿಲೋಮೀಟರು ಎತ್ತರದಲ್ಲಿದೆ. ಕಲಿಯಬೇಕಾದುದು ಮಾತ್ರ ಇಲ್ಲಿ, ಮಣ್ಣಿನ ಮೇಲೆ.

ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣ ಭೂಮಿಯಿಂದ ಸುಮಾರು ೪೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತದೆ. ಅಲ್ಲಿ ಭೂಮಿಯ ಸೆಳೆತವೇ ಇಲ್ಲವೆಂದು ಅನೇಕರು ತಿಳಿದಿರುವುದುಂಟು, ಅದು ನಿಜವಲ್ಲ. ನೆಲದ ಮೇಲಿರುವ ಸೆಳೆತದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಅಷ್ಟು ಎತ್ತರದಲ್ಲಿಯೂ ಇದೆ. ಹಾಗಾದರೆ ಅಲ್ಲಿನವರು ತೇಲುವುದೇಕೆ? ಹಗ್ಗ ಕಡಿದು ಬಾವಿಗೆ ಬೀಳುತ್ತಿರುವ ಕೊಡವನ್ನೂ, ಆ ಕೊಡದೊಳಗಿನ ಇರುವೆಯನ್ನೂ ಓದುಗರು ಊಹಿಸಿಕೊಳ್ಳಬಹುದು. ಕೊಡವೂ ಇರುವೆಯೂ ಒಂದೇ ವೇಗದಲ್ಲಿ ಬೀಳುತ್ತಿರುವುದರಿಂದ ಇರುವೆಯ ಕಾಲಿಗೆ ಕೊಡದ ತಳ ಒತ್ತುವುದಿಲ್ಲ. ಅದಕ್ಕೆ ತನ್ನ ಭಾರವೇ ತಿಳಿಯುವುದಿಲ್ಲ. ನಿಲ್ದಾಣವೂ ಹಾಗೆ ಸದಾ ಬೀಳುತ್ತಲೇ ಇರುವ ಒಂದು ಕೊಡ. ಆದರೆ ಅದು ಗಂಟೆಗೆ ಸುಮಾರು ೨೮,೦೦೦ ಕಿಲೋಮೀಟರು ವೇಗದಲ್ಲಿ ಅಡ್ಡಲಾಗಿಯೂ ಓಡುತ್ತಿರುವುದರಿಂದ, ಅದು ಬಿದ್ದಷ್ಟೂ ಭೂಮಿಯ ಉಬ್ಬು ಕೆಳಕ್ಕೆ ಬಾಗುತ್ತ ಹೋಗಿ, ಬೀಳುವ ಕೆಲಸ ಎಂದಿಗೂ ಮುಗಿಯುವುದಿಲ್ಲ.

ಈ ಅನುಭವವನ್ನು ಕೊಂಚ ಹೊತ್ತು ಕೊಡಬಲ್ಲ ಸಾಧನವೆಂದರೆ ವಿಮಾನ. ವಿಶೇಷವಾಗಿ ಸಜ್ಜುಗೊಳಿಸಿದ ದೊಡ್ಡ ವಿಮಾನವನ್ನು ಕಡಿದಾಗಿ ಮೇಲಕ್ಕೇರಿಸಿ, ಎಸೆದ ಕಲ್ಲು ಕಮಾನಾಗಿ ಬಾಗುವಂತೆ ಬಾಗಿಸಿ ಕೆಳಗಿಳಿಸುತ್ತಾರೆ. ಆ ಕಮಾನಿನ ನೆತ್ತಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಸೆಕೆಂಡುಗಳ ಕಾಲ ಒಳಗಿರುವವರು ಹತ್ತಿಯಂತೆ ತೇಲುತ್ತಾರೆ. ಮರುಕ್ಷಣದಲ್ಲಿ ವಿಮಾನ ಮೇಲಕ್ಕೆ ತಿರುಗಿದಾಗ ಮೈಭಾರ ಇಮ್ಮಡಿಯಾದಂತಾಗಿ ನೆಲಕ್ಕೆ ಅಂಟಿಕೊಳ್ಳುತ್ತಾರೆ. ಒಂದೇ ಹಾರಾಟದಲ್ಲಿ ಇದು ಹತ್ತಾರು ಸಲ ನಡೆಯುತ್ತದೆ. ಅಮೆರಿಕೆಯವರು ಇಂಥ ವಿಮಾನಕ್ಕೆ 'ವಾಂತಿಯ ಧೂಮಕೇತು' ಎಂದು ಅಡ್ಡಹೆಸರಿಟ್ಟಿದ್ದರೆಂದರೆ ಒಳಗಿನವರ ಅವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮನೆವಾರ್ತೆಯ ಪಾಠಗಳೂ ಇವೆ. ನಿಲ್ದಾಣ ಭೂಮಿಯನ್ನು ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಸುತ್ತುವುದರಿಂದ ದಿನಕ್ಕೆ ೧೬ ಸಲ ಸೂರ್ಯ ಹುಟ್ಟುತ್ತಾನೆ. ಗಡಿಯಾರವನ್ನು ನಂಬಿಯೇ ಮಲಗಬೇಕು. ಮಲಗುವುದೆಂದರೆ ಗೋಡೆಗೆ ಕಟ್ಟಿದ ಚೀಲದೊಳಗೆ ನುಸುಳಿಕೊಳ್ಳುವುದು. ಶೌಚಕ್ಕೆ ಕೂಡ ಪಾಠವಿದೆ. ಅಲ್ಲಿ ಎಲ್ಲವನ್ನೂ ಗಾಳಿಯಿಂದಲೇ ಸೆಳೆಯಬೇಕಾಗಿರುವುದರಿಂದ ಆಸನದ ಮೇಲೆ ಸರಿಯಾಗಿ ಕೂರುವುದೇ ಒಂದು ವಿದ್ಯೆ. ಬಾಹ್ಯಾಕಾಶ ಷಟಲ್ ನೌಕೆಗಳ ಕಾಲದಲ್ಲಿ ಅಮೆರಿಕೆಯ ಯಾತ್ರಿಗಳು ಇದಕ್ಕಾಗಿ ಆಸನದ ಕೆಳಗೆ ಕ್ಯಾಮೆರಾ ಇಟ್ಟ ಮಾದರಿಯೊಂದರಲ್ಲಿ ಕುಳಿತು, ಎದುರಿನ ತೆರೆಯನ್ನು ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದರು. ಯುದ್ಧವಿಮಾನ ಓಡಿಸಿ ಎದೆಯುಬ್ಬಿಸಿ ಬಂದವರಿಗೆ ವಿನಯ ಕಲಿಸುವ ಪಾಠ ಇದಕ್ಕಿಂತ ಬೇರೆ ಬೇಕಿರಲಿಲ್ಲ.

ಭಾರ ಹೊರದ ಮೂಳೆ ದಿನದಿನಕ್ಕೆ ಸವೆಯುತ್ತದೆ. ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇಕಡಾ ೧ರಿಂದ ೧.೫ರಷ್ಟು ಇಳಿಯಬಹುದೆಂದು ಕಂಡುಬಂದಿದೆ. ಆದುದರಿಂದ ನಿಲ್ದಾಣದಲ್ಲಿರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಲೇಬೇಕು. ಪಟ್ಟಿಗಳಿಂದ ಮೈಯನ್ನು ಬಿಗಿದುಕೊಂಡು ಓಡುವ ಆ ಅಭ್ಯಾಸವೂ ನೆಲದ ಮೇಲೆಯೇ ಆರಂಭವಾಗುತ್ತದೆ.

ನೀರೊಳಗಿನ ಪಾಠಶಾಲೆ

ಇಪ್ಪತ್ತೈದು ಸೆಕೆಂಡುಗಳಲ್ಲಿ ಒಂದು ತಿರುಪನ್ನು ಬಿಚ್ಚಲಾಗುವುದಿಲ್ಲ. ನೌಕೆಯ ಹೊರಗೆ ಗಂಟೆಗಟ್ಟಲೆ ಕೆಲಸ ಮಾಡುವುದನ್ನು ಕಲಿಯುವುದೆಲ್ಲಿ? ಈ ಪ್ರಶ್ನೆಗೆ ಉತ್ತರ ದೊರೆತುದು ಒಂದು ದೊಡ್ಡ ಬವಣೆಯ ಅನಂತರ.

೧೯೬೬ರ ಜೂನ್ ತಿಂಗಳಲ್ಲಿ ಯೂಜೀನ್ ಸೆರ್ನನ್ ಜೆಮಿನಿ ನೌಕೆಯಿಂದ ಹೊರಬಂದರು. ಗಾಳಿ ತುಂಬಿ ಬಿರುಸಾಗಿದ್ದ ಉಡುಪಿನಲ್ಲಿ ತೋಳು ಮಡಿಸುವುದೇ ದುಸ್ತರವಾಯಿತು. ಹಿಡಿಯಲು ಸರಿಯಾದ ಹಿಡಿಗಳಿಲ್ಲ, ಕಾಲೂರಲು ನೆಲೆಯಿಲ್ಲ. ಒಂದು ಕಡೆ ತಿರುಚಿದರೆ ಮೈಯೇ ಇನ್ನೊಂದು ಕಡೆ ತಿರುಗುತ್ತಿತ್ತು. ಎದೆಬಡಿತ ನಿಮಿಷಕ್ಕೆ ೧೮೦ರ ಹತ್ತಿರ ಏರಿತು. ಬೆವರಿನ ಆವಿಯಿಂದ ಶಿರಸ್ತ್ರಾಣದ ಗಾಜು ಮಸುಕಾಗಿ ಕಣ್ಣು ಕಾಣದಂತಾಯಿತು. ವಹಿಸಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು, ಎರಡು ಗಂಟೆಗಳಿಗೂ ಮೀರಿದ ಹೋರಾಟದ ಅನಂತರ, ಅವರು ದಣಿದು ಒಳಗೆ ಬಂದರು.

ಅಂತರಿಕ್ಷದಲ್ಲಿ ಬಲಕ್ಕಿಂತ ನಿಲುವು ಮುಖ್ಯ, ಅವಸರಕ್ಕಿಂತ ನಿಧಾನ ಮುಖ್ಯ ಎಂಬುದನ್ನು ಈ ಸೋಲು ತಿಳಿಸಿಕೊಟ್ಟಿತು. ಜೆಮಿನಿ ಸರಣಿಯ ಕೊನೆಯ ಯಾನಕ್ಕೆ ಆಯ್ಕೆಯಾಗಿದ್ದ ಬಜ್ ಆಲ್ಡ್ರಿನ್ ಬಾಲ್ಟಿಮೋರ್ ಹತ್ತಿರದ ಶಾಲೆಯೊಂದರ ಈಜುಕೊಳದಲ್ಲಿ, ಉಡುಪು ತೊಟ್ಟು ನೀರೊಳಗೆ ಮುಳುಗಿ, ಪ್ರತಿಯೊಂದು ಚಲನೆಯನ್ನೂ ಮತ್ತೆ ಮತ್ತೆ ಅಭ್ಯಾಸ ಮಾಡಿದರು. ನೌಕೆಗೆ ಹಿಡಿಗಳನ್ನೂ ಪಾದ ಸಿಕ್ಕಿಸುವ ಪಾದುಕೆಗಳನ್ನೂ ಜೋಡಿಸಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ಮೂರು ಸರದಿಗಳಲ್ಲಿ ಒಟ್ಟು ಐದು ಗಂಟೆಗಳಿಗೂ ಹೆಚ್ಚು ಕಾಲ ಬಾಗಿಲಾಚೆ ಕಳೆದು, ಒಪ್ಪಿಸಿದ ಕೆಲಸಗಳನ್ನು ಮಾಡಿ ಮುಗಿಸಿದರು. ಸೆರ್ನನ್ ಪಟ್ಟ ಪಾಡು ಆಲ್ಡ್ರಿನ್ನರ ಪಾಲಿಗೆ ಪಾಠವಾಗಿತ್ತು.

ಅಂದಿನ ಶಾಲೆಯ ಕೊಳದಿಂದ ಆರಂಭವಾದುದು ಇಂದು ಹ್ಯೂಸ್ಟನ್ನಿನಲ್ಲಿ ಒಂದು ಒಳಾಂಗಣ ಸರೋವರವಾಗಿ ಬೆಳೆದಿದೆ. ೬೨ ಮೀಟರು ಉದ್ದ, ೩೧ ಮೀಟರು ಅಗಲ, ೧೨ ಮೀಟರು ಆಳದ ಆ ತೊಟ್ಟಿಯಲ್ಲಿ ಎರಡು ಕೋಟಿ ಲೀಟರಿಗೂ ಹೆಚ್ಚು ನೀರಿದೆ. ಅಂತರಿಕ್ಷ ನಿಲ್ದಾಣದ ಭಾಗಗಳ ಪೂರ್ಣಗಾತ್ರದ ಮಾದರಿಗಳನ್ನು ಅದರೊಳಗೆ ಇರಿಸಿದ್ದಾರೆ. ನೂರು ಕಿಲೋಗ್ರಾಂಗೂ ಮೀರಿದ ಉಡುಪು ತೊಟ್ಟವರನ್ನು ಕ್ರೇನಿನಿಂದ ಇಳಿಸಿ, ಮುಳುಗುಗಾರರು ಸೀಸದ ಬಿಲ್ಲೆಗಳನ್ನೂ ತೇಲುವ ತುಂಡುಗಳನ್ನೂ ಕಟ್ಟಿ, ಮುಳುಗದಂತೆಯೂ ತೇಲದಂತೆಯೂ ಹದಗೊಳಿಸುತ್ತಾರೆ. ಆಮೇಲೆ ಆರು ಗಂಟೆಗಳವರೆಗೂ ಕೆಲಸ ನಡೆಯುತ್ತದೆ. ಈ ಅನುಕರಣೆಯೂ ಪರಿಪೂರ್ಣವಲ್ಲ. ನೀರು ಕೈಕಾಲುಗಳನ್ನು ತಡೆಯುತ್ತದೆ. ತಲೆಕೆಳಗಾದರೆ ರಕ್ತ ತಲೆಗಿಳಿಯುತ್ತದೆ. ಆದರೂ ಕೈಗೆ ಅಭ್ಯಾಸವಾದುದನ್ನು ಕೈ ಮರೆಯುವುದಿಲ್ಲ.

ಆ ಅಭ್ಯಾಸ ಪ್ರಾಣ ಉಳಿಸಿದ ನಿದರ್ಶನವೊಂದುಂಟು. ೨೦೧೩ರ ಜುಲೈ ೧೬ರಂದು ಇಟಲಿಯ ಲೂಕಾ ಪಾರ್ಮಿಟಾನೋ ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದಾಗ ತಲೆಯ ಹಿಂಭಾಗದಲ್ಲಿ ತಣ್ಣನೆ ನೀರು ತಗುಲಿದಂತಾಯಿತು. ಉಡುಪನ್ನು ತಂಪಾಗಿಡುವ ನೀರು, ಒಂದು ಭಾಗ ಕಟ್ಟಿಕೊಂಡ ಕಾರಣ, ಗಾಳಿಯ ದಾರಿಯಲ್ಲಿ ಶಿರಸ್ತ್ರಾಣದೊಳಕ್ಕೆ ನುಗ್ಗುತ್ತಿತ್ತು. ಭಾರವಿಲ್ಲದ ನೀರು ಕೆಳಗಿಳಿಯುವುದಿಲ್ಲ. ಮುಖಕ್ಕೆ ಅಂಟಿಕೊಂಡು ಹರಡುತ್ತದೆ. ಅದು ಕಣ್ಣನ್ನು ಮುಚ್ಚಿತು, ಮೂಗನ್ನು ಮುಚ್ಚಿತು. ಕಿವಿಗೂ ಏನೂ ಸರಿಯಾಗಿ ಕೇಳಿಸದಂತಾಯಿತು. ಅಷ್ಟರಲ್ಲಿ ಸೂರ್ಯನೂ ಮುಳುಗಿ ಕತ್ತಲೆ ಕವಿಯಿತು. ಭೂಮಿಯಿಂದ ನೂರಾರು ಕಿಲೋಮೀಟರು ಎತ್ತರದಲ್ಲಿ, ಒಂದೂವರೆ ಲೀಟರಿನಷ್ಟು ನೀರಿನಲ್ಲಿ ಮುಳುಗಿ ಸಾಯುವ ಹೊತ್ತು ಬಂದಿತ್ತು!

ಪಾರ್ಮಿಟಾನೋ ಕೈಕಾಲು ಬಡಿಯಲಿಲ್ಲ. ತಮ್ಮನ್ನು ನಿಲ್ದಾಣಕ್ಕೆ ಕಟ್ಟಿದ್ದ ರಕ್ಷಣಾ ತಂತಿ ಸುರುಳಿಯೊಳಕ್ಕೆ ಮೆಲ್ಲನೆ ಸೆಳೆದುಕೊಳ್ಳುವುದೆಂಬುದು ಅವರಿಗೆ ನೆನಪಿತ್ತು. ಆ ನವುರಾದ ಎಳೆತವನ್ನೇ ದಾರಿತೋರುಗನನ್ನಾಗಿ ಮಾಡಿಕೊಂಡು, ಹಿಡಿಯಿಂದ ಹಿಡಿಗೆ ಕೈಯಾಡಿಸುತ್ತ, ಕುರುಡನಂತೆ ಬಾಗಿಲು ಸೇರಿದರು. ಜೊತೆಗಾರ ಕ್ರಿಸ್ಟೋಫರ್ ಕ್ಯಾಸಿಡಿಯವರೂ ಹಿಂದಿನಿಂದ ಬಂದು ಸೇರಿಕೊಂಡರು. ಅಂದಿನಿಂದ ಶಿರಸ್ತ್ರಾಣದೊಳಗೆ ನೀರು ಹೀರುವ ಮೆತ್ತೆಯೊಂದನ್ನೂ, ಮುಖ ಮುಳುಗಿದರೂ ಉಡುಪಿನ ಕೆಳಭಾಗದ ಗಾಳಿಯನ್ನು ಸೇದಿಕೊಳ್ಳಲು ಒಂದು ನಳಿಗೆಯನ್ನೂ ಇಡುವ ಏರ್ಪಾಡಾಯಿತು. ಒಬ್ಬರ ಸಂಕಟ ಮತ್ತೆ ಪಾಠವಾಯಿತು.

ಭಾರದ ಕುರ್ಚಿ, ಬೆಂಕಿಯ ಕುರ್ಚಿ

ತೇಲುವುದನ್ನು ಕಲಿತರೆ ಮುಗಿಯಲಿಲ್ಲ. ಅದಕ್ಕೆ ಮೊದಲು ಭಾರವನ್ನು ಹೊರುವುದನ್ನು ಕಲಿಯಬೇಕು. ರಾಕೆಟ್ಟು ಏರುವಾಗಲೂ ನೌಕೆ ಇಳಿಯುವಾಗಲೂ ಮೈಮೇಲೆ ಹಲವು ಪಟ್ಟು ಭಾರ ಬೀಳುತ್ತದೆ. ಮಾಸ್ಕೋ ಬಳಿಯ 'ನಕ್ಷತ್ರನಗರಿ'ಯ ಗಗಾರಿನ್ ತರಬೇತಿ ಕೇಂದ್ರದಲ್ಲಿ ೧೮ ಮೀಟರು ಉದ್ದದ ತೋಳಿನ ತುದಿಗೆ ಸಣ್ಣ ಕೋಣೆಯೊಂದನ್ನು ಕಟ್ಟಿ, ಜಾತ್ರೆಯ ಮರದ ಕುದುರೆಯನ್ನು ಗಿರ್ರನೆ ಸುತ್ತಿಸಿದಂತೆ ಸುತ್ತಿಸುತ್ತಾರೆ. ಎಂಟು ಪಟ್ಟು ಭಾರ ಬಿದ್ದಾಗ ೭೦ ಕಿಲೋ ತೂಕದವನಿಗೆ ತಾನು ೫೬೦ ಕಿಲೋ ತೂಗುವಂತೆ ತೋರುತ್ತದೆ. ಎದೆಯುಬ್ಬಿಸಿ ಉಸಿರೆಳೆಯಲಾಗದು, ಹೊಟ್ಟೆಯ ಬಲದಿಂದ ಉಸಿರಾಡುವ ಕ್ರಮವನ್ನು ಅಲ್ಲಿ ಕಲಿಯುತ್ತಾರೆ.

ಈ ಕುರ್ಚಿಯ ಪಾಠ ಒಂದು ದಿನ ಹಠಾತ್ತನೆ ನಿಜವಾಯಿತು. ೨೦೧೮ರ ಅಕ್ಟೋಬರ್ ೧೧ರಂದು ರಷ್ಯದ ಅಲೆಕ್ಸೇ ಒವ್ಚಿನಿನ್ ಮತ್ತು ಅಮೆರಿಕೆಯ ನಿಕ್ ಹೇಗ್ ಅವರನ್ನು ಹೊತ್ತ ರಾಕೆಟ್ಟು ನೆಲ ಬಿಟ್ಟು ಎರಡು ನಿಮಿಷವಾಗುವಷ್ಟರಲ್ಲಿ ಕೆಟ್ಟಿತು. ನೌಕೆ ತಾನಾಗಿಯೇ ರಾಕೆಟ್ಟಿನಿಂದ ಕಿತ್ತುಕೊಂಡು ಹೊರಚಿಮ್ಮಿತು. ಮರಳಿ ಬೀಳುವಾಗ ಇಬ್ಬರ ಮೇಲೂ ಆರೂವರೆ ಪಟ್ಟಿಗೂ ಮೀರಿದ ಭಾರ ಬಿತ್ತು. ಆದರೂ ಅವರು ನೆಲದವರೊಡನೆ ಸಮಾಧಾನದಿಂದ ಮಾತನಾಡುತ್ತಲೇ ಇದ್ದು, ಇಪ್ಪತ್ತು ನಿಮಿಷದೊಳಗೆ ಕಜಾಕಸ್ತಾನದ ಬಯಲಿನಲ್ಲಿ ಕ್ಷೇಮವಾಗಿ ಇಳಿದರು. ಐದು ತಿಂಗಳ ಮೇಲೆ, ೨೦೧೯ರ ಮಾರ್ಚಿಯಲ್ಲಿ, ಅದೇ ಇಬ್ಬರೂ ಮತ್ತೆ ಅಂಥದೇ ರಾಕೆಟ್ಟನ್ನೇರಿ ನಿಲ್ದಾಣ ತಲಪಿದರು.

ಅಭ್ಯಾಸದ ಕುರ್ಚಿಯೂ ಅಪಾಯರಹಿತವಲ್ಲ. ಚಂದ್ರನ ಮೇಲೆ ಇಳಿಯುವುದನ್ನು ಕಲಿಯಲೆಂದು ಮಂಚದ ಚೌಕಟ್ಟಿನಂಥ, ರೆಕ್ಕೆಯಿಲ್ಲದ ಹಾರುವ ಯಂತ್ರವೊಂದನ್ನು ಅಮೆರಿಕೆಯವರು ನಿರ್ಮಿಸಿದ್ದರು. ೧೯೬೮ರ ಮೇ ೬ರಂದು ಆರ್ಮ್‌ಸ್ಟ್ರಾಂಗ್ ಅದನ್ನು ಹಾರಿಸುತ್ತಿದ್ದಾಗ ಅದು ಹತೋಟಿ ತಪ್ಪಿ ವಾಲಿತು. ಕ್ಷಣವೂ ತಡಮಾಡದೆ ಅವರು ಸಿಡಿಯುವ ಆಸನದ ನೆರವಿನಿಂದ ಹೊರಚಿಮ್ಮಿ ಪ್ಯಾರಾಷೂಟಿನಲ್ಲಿ ಇಳಿದರು. ಯಂತ್ರ ನೆಲಕ್ಕಪ್ಪಳಿಸಿ ಉರಿದುಹೋಯಿತು. ಹಾಗೆಂದು ಆ ಅಭ್ಯಾಸವನ್ನು ಅವರು ಬಿಡಲಿಲ್ಲ. ಮರುವರ್ಷ ಚಂದ್ರನ ಮೇಲೆ ಬಂಡೆಗಳ ನಡುವೆ ಸಮತಟ್ಟಾದ ಜಾಗವನ್ನು ಹುಡುಕಿ, ಇಂಧನ ಮುಗಿಯುತ್ತಿದ್ದರೂ ಕೈ ನಡುಗದೆ ನೌಕೆಯನ್ನಿಳಿಸಿದಾಗ ಅದರ ಬೆಲೆ ಗೊತ್ತಾಯಿತು.

ಹಿಮದ ಕಾಡಿನಲ್ಲಿ ಎರಡು ರಾತ್ರಿ

ಗಗನಯಾತ್ರಿಗೆ ಸೌದೆ ಒಡೆಯುವುದನ್ನೂ ಬೆಂಕಿ ಹೊತ್ತಿಸುವುದನ್ನೂ ಕಲಿಸುತ್ತಾರೆಂದರೆ ಕೆಲವರಿಗೆ ನಗು ಬಂದೀತು. ಅದಕ್ಕೂ ಒಂದು ಕಥೆಯಿದೆ. ೧೯೬೫ರ ಮಾರ್ಚ್ ೧೮ರಂದು ಸೋವಿಯೆಟ್ ರಷ್ಯದ ಅಲೆಕ್ಸೇ ಲಿಯೊನೊವ್ ಮಾನವನ ಇತಿಹಾಸದಲ್ಲೇ ಮೊದಲ ಬಾರಿಗೆ ನೌಕೆಯಿಂದ ಹೊರಬಂದು ಶೂನ್ಯದಲ್ಲಿ ತೇಲಿದರು. ಉಡುಪು ಉಬ್ಬಿಕೊಂಡು ಒಳಗೆ ಹೋಗಲಾರದೆ, ಅದರ ಗಾಳಿಯನ್ನು ತಾವೇ ಹೊರಬಿಟ್ಟು ಹೇಗೋ ನುಸುಳಿಕೊಂಡರು. ಮರುದಿನ ಇಳಿಯುವಾಗ ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟಿತು. ಜೊತೆಗಿದ್ದ ಪಾವೆಲ್ ಬೆಲ್ಯಾಯೆವ್ ಕೈಯಿಂದಲೇ ನೌಕೆಯನ್ನು ನಡೆಸಿದರು. ಅದು ಗೊತ್ತುಮಾಡಿದ್ದ ಜಾಗದಿಂದ ನೂರಾರು ಕಿಲೋಮೀಟರು ಆಚೆ, ದಟ್ಟವಾದ ಹಿಮದ ಅರಣ್ಯದಲ್ಲಿ ಬಿದ್ದಿತು. ಇಡೀ ಲೋಕ ಕೊಂಡಾಡುತ್ತಿದ್ದ ಇಬ್ಬರು ವೀರರು ತೋಳ ಕರಡಿಗಳ ಕಾಡಿನಲ್ಲಿ ಕೊರೆಯುವ ಚಳಿಯೊಡನೆ ಎರಡು ರಾತ್ರಿಗಳನ್ನು ಕಳೆದರು. ಹೆಲಿಕಾಪ್ಟರು ಇಳಿಯಲು ಮರಗಳು ಎಡೆಗೊಡಲಿಲ್ಲ. ಕೊನೆಗೆ ಹಿಮಜಾರುಪಟ್ಟಿಗಳನ್ನು ಕಟ್ಟಿಕೊಂಡು ನಡೆದು ಬರಬೇಕಾಯಿತು.

ರಷ್ಯದ ನೌಕೆಯಲ್ಲಿ ಹೋಗುವವರು ಯಾವ ದೇಶದವರೇ ಆಗಲಿ, ಚಳಿಗಾಲದ ಕಾಡಿನಲ್ಲಿ ಎರಡು ರಾತ್ರಿ ಕಳೆಯುವ ಪಾಠವನ್ನು ಇಂದಿಗೂ ಕಲಿಯಬೇಕು. ಪ್ಯಾರಾಷೂಟಿನ ಬಟ್ಟೆಯೇ ಗುಡಾರ, ಕಡಿದ ಕೊಂಬೆಗಳೇ ಹಾಸಿಗೆ. ಮೂವರಲ್ಲಿ ಒಬ್ಬನ ಕಾಲು ಮುರಿದಿದೆಯೆಂದು ಭಾವಿಸಿ ಉಳಿದಿಬ್ಬರು ಅವನನ್ನು ಹೊತ್ತು ಸಾಗಿಸುವುದೂ ಉಂಟು. ಕೆಲಸ ಹಂಚಿಕೊಳ್ಳುವುದು, ಸಿಡುಕದೆ ಒಬ್ಬರ ಮಾತನ್ನೊಬ್ಬರು ಕೇಳುವುದು, ತಾನು ದಣಿದಿದ್ದೇನೆಂದು ನಾಚಿಕೆಪಡದೆ ಹೇಳುವುದು—ಕಾಡು ಕಲಿಸುವ ನಿಜವಾದ ವಿದ್ಯೆ ಇದು.

ಮೌನದ ಕೋಣೆ

ಎಲ್ಲಕ್ಕಿಂತ ದುಬಾರಿಯಾದ ಪಾಠವೊಂದುಂಟು. ಅದು ಬಹುಕಾಲ ಪಾಠವೇ ಆಗಲಿಲ್ಲ.

ಮನುಷ್ಯ ಒಬ್ಬಂಟಿಯಾಗಿ, ಸದ್ದಿಲ್ಲದೆ, ಹೊತ್ತು ತಿಳಿಯದೆ ಇರಬಲ್ಲನೇ ಎಂಬುದನ್ನು ಪರೀಕ್ಷಿಸಲು ರಷ್ಯನರು ಮೌನದ ಕೋಣೆಯೊಂದನ್ನು ಕಟ್ಟಿದ್ದರು. ೧೯೬೦ರಲ್ಲಿ ಆರಿಸಿದ ಮೊದಲ ಇಪ್ಪತ್ತು ಮಂದಿ ತರುಣರು ಸರದಿಯಂತೆ ಅದರೊಳಗೆ ದಿನಗಳನ್ನು ಕಳೆಯಬೇಕಾಗಿತ್ತು. ಅವರಲ್ಲಿ ವಲೆಂಟಿನ್ ಬೊಂಡರೆಂಕೋ ಒಬ್ಬರು, ವಯಸ್ಸು ೨೪. ೧೯೬೧ರ ಮಾರ್ಚ್ ೨೩ರಂದು, ಆಮ್ಲಜನಕದಿಂದ ದಟ್ಟವಾದ ಗಾಳಿಯಿದ್ದ ಕೋಣೆಯಲ್ಲಿ, ಮೈಗೆ ಅಂಟಿಸಿದ್ದ ಉಪಕರಣಗಳನ್ನು ತೆಗೆದು, ಆ ಜಾಗವನ್ನು ಮದ್ಯಸಾರದ ಹತ್ತಿಯಿಂದ ಒರೆಸಿ ಹತ್ತಿಯನ್ನು ಎಸೆದರು. ಅದು ಅಡಿಗೆಯ ಬಿಸಿ ಒಲೆಯ ಮೇಲೆ ಬಿತ್ತು. ಕ್ಷಣಮಾತ್ರದಲ್ಲಿ ಕೋಣೆಯೆಲ್ಲ ಉರಿ. ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾಗುವವರೆಗೆ ಬಾಗಿಲು ತೆರೆಯುವಂತಿರಲಿಲ್ಲ. ಕೆಲವು ಗಂಟೆಗಳ ಮೇಲೆ ಬೊಂಡರೆಂಕೋ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಪ್ಪತ್ತು ದಿನಗಳ ಅನಂತರ ಅವರ ಸಹಪಾಠಿ ಯೂರಿ ಗಗಾರಿನ್ ೧೦೮ ನಿಮಿಷಗಳ ಯಾನ ಮಾಡಿ ಜಗದ್ವಿಖ್ಯಾತರಾದರು. ಬೊಂಡರೆಂಕೋ ಎಂಬ ಹೆಸರು ಮಾತ್ರ ೧೯೮೬ರವರೆಗೂ ಹೊರಜಗತ್ತಿನಿಂದ ಮರೆಯಾಗಿಯೇ ಉಳಿಯಿತು. ಸರಕಾರ ಆ ಸುದ್ದಿಯನ್ನು ಬಚ್ಚಿಟ್ಟಿತ್ತು.

೧೯೬೭ರ ಜನವರಿ ೨೭ರಂದು ಅಮೆರಿಕೆಯ ಫ್ಲಾರಿಡಾದಲ್ಲಿ, ಇಂಧನ ತುಂಬದ ರಾಕೆಟ್ಟಿನ ತುದಿಯಲ್ಲಿ, ಅಪೊಲೊ ನೌಕೆಯ ಪೂರ್ವಪರೀಕ್ಷೆ ನಡೆಯುತ್ತಿತ್ತು. ಒಳಗೆ ಗಸ್ ಗ್ರಿಸಮ್, ಎಡ್ವರ್ಡ್ ವೈಟ್, ರೋಜರ್ ಚ್ಯಾಫೀ. ನೌಕೆಯೊಳಗೆ ತುಂಬಿದ್ದುದು ಶುದ್ಧ ಆಮ್ಲಜನಕ. ಎಲ್ಲಿಯೋ ಕಿಡಿ ಹಾರಿತು. ಬಾಗಿಲು ಒಳಮುಖವಾಗಿ ತೆರೆಯುವಂಥದು. ಬೆಂಕಿಯಿಂದ ಹೆಚ್ಚಿದ ಒತ್ತಡ ಅದನ್ನು ಬಿಗಿಹಿಡಿಯಿತು. ಮೂವರೂ ಅಲ್ಲಿಯೇ ಮಡಿದರು. ಆಮ್ಲಜನಕದ ಅಪಾಯ ಅಮೆರಿಕೆಯ ತಜ್ಞರಿಗೆ ತಿಳಿಯದುದೇನಲ್ಲ. ಆದರೂ ಆರು ವರ್ಷಗಳ ಹಿಂದೆ ಮಾಸ್ಕೋದಲ್ಲಿ ಒಬ್ಬ ತರುಣ ಹೇಗೆ ಸತ್ತನೆಂಬುದು ಬಹಿರಂಗವಾಗಿದ್ದರೆ ಈ ಮೂವರು ಉಳಿಯುತ್ತಿದ್ದರೇ ಎಂಬ ಪ್ರಶ್ನೆಯನ್ನು ಅನೇಕರು ಕೇಳಿದ್ದಾರೆ. ಅದಕ್ಕೆ ಉತ್ತರ ಹೇಳಬಲ್ಲವರು ಯಾರೂ ಇಲ್ಲ. ಫ್ಲಾರಿಡಾದ ದುರಂತವನ್ನಂತೂ ಬಚ್ಚಿಡಲಿಲ್ಲ, ವಿಚಾರಣೆಯಾಯಿತು, ವರದಿಯಾಯಿತು. ಬಾಗಿಲು ಕೆಲವೇ ಸೆಕೆಂಡುಗಳಲ್ಲಿ ಹೊರಮುಖವಾಗಿ ತೆರೆಯುವಂತಾಯಿತು. ನೆಲದ ಮೇಲಿರುವಾಗ ನೌಕೆಯೊಳಗೆ ಶುದ್ಧ ಆಮ್ಲಜನಕದ ಬದಲು ಸಾರಜನಕ ಬೆರೆತ ಗಾಳಿ ಬಂದಿತು. ಎರಡೂವರೆ ವರ್ಷಗಳಲ್ಲಿ ಅದೇ ಬಗೆಯ ನೌಕೆ ಮೂವರನ್ನು ಚಂದ್ರನತ್ತ ಕರೆದೊಯ್ದು ಮರಳಿ ತಂದಿತು.

ಹೇಳಿಕೊಂಡ ತಪ್ಪು ಪಾಠವಾಗುತ್ತದೆ. ಮುಚ್ಚಿಟ್ಟ ತಪ್ಪು ಬೂದಿ ಮುಚ್ಚಿದ ಕೆಂಡ. ಮುಂದೆ ಕಾಲಿಡುವವನಿಗಾಗಿ ಕಾದಿರುತ್ತದೆ.

ಬೆಂಗಳೂರಿನ ನಂಟು

ಭಾರತದ ಮೊದಲ ಗಗನಯಾತ್ರಿಯ ಪಾಠಗಳಲ್ಲಿ ಒಂದು ಬೆಂಗಳೂರಿನಲ್ಲಿಯೇ ನಡೆಯಿತು. ಮುಚ್ಚಿದ ಜಾಗದ ಭಯ ಮನಸ್ಸಿನಲ್ಲಿ ಅಡಗಿದೆಯೋ ಎಂದು ಪರೀಕ್ಷಿಸಲು ಇಲ್ಲಿನ ವಾಯುಪಡೆಯ ಸಂಸ್ಥೆಯೊಂದರ ಕೋಣೆಯಲ್ಲಿ ರಾಕೇಶ್ ಶರ್ಮಾ ಅವರನ್ನು ೭೨ ಗಂಟೆಗಳ ಕಾಲ ಕೂಡಿಹಾಕಿದ್ದರು. ಅನಂತರ ಅವರೂ ರವೀಶ್ ಮಲ್ಹೋತ್ರಾ ಅವರೂ ನಕ್ಷತ್ರನಗರಿಗೆ ಹೋದರು. ನೌಕೆಯ ಪಾಠಕ್ಕಿಂತ ಮೊದಲ ಪಾಠ ರಷ್ಯನ್ ಭಾಷೆ. ಏಕೆಂದರೆ ನೌಕೆಯ ಗುಂಡಿಗಳ ಮೇಲಿನ ಬರಹವೂ ನೆಲದಿಂದ ಬರುವ ಆಜ್ಞೆಯೂ ಆ ಭಾಷೆಯಲ್ಲೇ. ೧೯೮೪ರ ಏಪ್ರಿಲ್ ೩ರಂದು ಶರ್ಮಾ ಅಂತರಿಕ್ಷಕ್ಕೇರಿ, ಸಲ್ಯೂಟ್-೭ ನಿಲ್ದಾಣದಲ್ಲಿ ತಂಗಿ, ಯೋಗಾಸನಗಳ ಪ್ರಯೋಗವನ್ನೂ ನಡೆಸಿ, ಏಪ್ರಿಲ್ ೧೧ರಂದು ಮರಳಿದರು. ಅದೇ ಪಾಠಗಳನ್ನು ಅಷ್ಟೇ ಶ್ರದ್ಧೆಯಿಂದ ಕಲಿತ ಮಲ್ಹೋತ್ರಾ ನೆಲದ ಮೇಲೆಯೇ ಉಳಿದರು. ಕಡೆಯ ಗಳಿಗೆಯವರೆಗೂ ಸಿದ್ಧನಾಗಿದ್ದು, ಮತ್ತೊಬ್ಬನನ್ನು ಹರಸಿ ಕಳುಹಿಸುವುದೂ ಈ ವಿದ್ಯೆಯ ಒಂದು ಅಂಗ. ಬಹುಶಃ ಅತ್ಯಂತ ಕಠಿಣವಾದ ಅಂಗ.

ಗಗನಯಾನ ಯೋಜನೆಗೆಂದು ಆಯ್ದ ವಾಯುಪಡೆಯ ನಾಲ್ವರು ಅಧಿಕಾರಿಗಳು—ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ—೨೦೨೦–೨೧ರಲ್ಲಿ ರಷ್ಯದಲ್ಲಿ ತರಬೇತಿ ಪಡೆದರು. ಅನಂತರ ಬೆಂಗಳೂರಿನಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಕಟ್ಟಿದ ತರಬೇತಿ ಕೇಂದ್ರದಲ್ಲಿ ಅವರ ಪಾಠ ಮುಂದುವರಿಯಿತು. ತರಗತಿ, ವ್ಯಾಯಾಮ, ಯೋಗ, ನೌಕೆಯ ಅನುಕರಣ ಯಂತ್ರ, ಉಡುಪಿನ ಅಭ್ಯಾಸ, ಇಳಿದ ಮೇಲೆ ಬದುಕುಳಿಯುವ ಪಾಠ—ಎಲ್ಲವೂ ಅಲ್ಲಿನ ಕ್ರಮದಲ್ಲಿವೆ. ೨೦೨೫ರ ಜೂನ್ ೨೫ರಂದು ಶುಕ್ಲಾ ಫ್ಲಾರಿಡಾದಿಂದ ಹೊರಟು ಅಂತರರಾಷ್ಟ್ರೀಯ ನಿಲ್ದಾಣವನ್ನು ಸೇರಿ, ಸುಮಾರು ಹದಿನೆಂಟು ದಿನ ಅಲ್ಲಿದ್ದು, ಜುಲೈ ೧೫ರಂದು ಹಿಂದಿರುಗಿದರು. ಅವರಿಗೆ ಬದಲಿಯಾಗಿ ಸಿದ್ಧರಾಗಿ ನಿಂತವರು ನಾಯರ್. ನಲವತ್ತೊಂದು ವರ್ಷಗಳ ಹಿಂದಿನ ಮಲ್ಹೋತ್ರಾ ಅವರ ಪಾತ್ರ ಈಗ ಅವರದಾಗಿತ್ತು.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಹಿರಿಯರು ಹಾಸ್ಯಮಾಡುವುದುಂಟು. ಗಗನಯಾತ್ರಿಯ ಬಾಳಿನಲ್ಲಿ ಆ ಹಾಸ್ಯಕ್ಕೆ ಎಡೆಯಿಲ್ಲ. ಎಂಟು ದಿನದ ಯಾನಕ್ಕೆ ಎರಡು ವರ್ಷದ ಅಭ್ಯಾಸ, ನಾಲ್ಕು ಮಾತಿನ ಆಜ್ಞೆಗೆ ನೂರು ಸಲದ ಪುನರಾವರ್ತನೆ. ನೋಡುವವರಿಗೆ ಇದು ಅತಿಯೆನಿಸೀತು. ಆದರೆ ಸೆರ್ನನ್ನರ ಮಸುಕಾದ ಗಾಜು, ಲಿಯೊನೊವರ ಹಿಮದ ರಾತ್ರಿ, ಬೊಂಡರೆಂಕೋ ಎಸೆದ ಹತ್ತಿಯ ತುಣುಕು, ಗ್ರಿಸಮ್ಮರ ತೆರೆಯದ ಬಾಗಿಲು—ಇವೆಲ್ಲ ಆ ಅಭ್ಯಾಸದ ಪುಟಪುಟದಲ್ಲಿಯೂ ಇವೆ. ಅವನ್ನು ಓದಿಕೊಂಡವನೇ ಮೇಲೆ ಹೋಗುತ್ತಾನೆ. ಹೋದವನು ಒಬ್ಬನಂತೆ ಕಂಡರೂ ಅವನ ಹಿಂದೆ, ಸೋತವರೂ ಬದುಕಿ ಬಂದವರೂ ಬಾರದೆ ಹೋದವರೂ ಸೇರಿ, ಒಂದು ದೊಡ್ಡ ಗುರುಪರಂಪರೆಯೇ ನಿಂತಿರುತ್ತದೆ. ಅವನು ಕ್ಷೇಮವಾಗಿ ಮರಳಿದಾಗ ಸಲ್ಲುವ ಹಾರಗಳಲ್ಲಿ ಕೆಲವು ಹೂಗಳಾದರೂ ಅವರ ಪಾಲಿನವು.